ಹೆಪಟೈಟಿಸ್ ಬಿ ಮಾತ್ರೆ: ಯಾರಿಗೆ, ಯಾವಾಗ, ಎಷ್ಟು ಕಾಲ

ಗುಬ್ಬಿ ತಾಲ್ಲೂಕಿನ ಕಡಬದಂಥ ಹೋಬಳಿ ಊರಿನಲ್ಲಿ ಹೆಪಟೈಟಿಸ್ ಬಿ ಇರುವುದು ತಿಳಿಯುವುದೇ ಬಹುಪಾಲು ಆಕಸ್ಮಿಕವಾಗಿ. ಬಸುರಿಗೆ ಮಾಡಿಸುವ ರಕ್ತಪರೀಕ್ಷೆಯಲ್ಲಿ, ಹರ್ನಿಯಾ ಆಪರೇಷನ್ನಿಗೆ ಮುಂಚೆ, ಇಲ್ಲವೇ ರಕ್ತದಾನದ ಶಿಬಿರ ಮುಗಿದ ಮೇಲೆ ಬರುವ ಫೋನ್ ಕರೆಯಲ್ಲಿ. ಚೀಟಿಯ ಮೇಲೆ ‘ಎಚ್‌ಬಿಎಸ್‌ಎಜಿ ಪಾಸಿಟಿವ್’ ಎಂದಿರುತ್ತದೆ. ಕಣ್ಣು ಹಳದಿಯಾಗಿಲ್ಲ, ಊಟ ಸೇರುತ್ತದೆ, ತೋಟದ ಕೆಲಸ ನಡೆಯುತ್ತಿದೆ. ಇಂಥವರಿಗೆ ಒಬ್ಬರು ‘ಏನೂ ಆಗಲ್ಲ, ಸುಮ್ಮನಿರಿ’ ಅನ್ನುತ್ತಾರೆ; ಇನ್ನೊಬ್ಬರು ಅವತ್ತೇ ಮಾತ್ರೆ ಬರೆದುಕೊಡುತ್ತಾರೆ; ಮನೆಯ ಹಿರಿಯರು ಕಾಮಾಲೆಗೆ ಸೊಪ್ಪು ಅರೆದು ಕೊಡುವವರ ಊರು ಹೇಳುತ್ತಾರೆ. ಕೆಲವು ಮನೆಗಳಲ್ಲಿ ತಟ್ಟೆ ಲೋಟ ಬೇರೆ ಇಡುವುದೂ ಶುರುವಾಗುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಈ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತದೆ; ಒಟ್ಟಿಗೆ ಕೂತು ಉಂಡರೆ ಹರಡುವುದಿಲ್ಲ.

ಮಾತ್ರೆ ಈಗ ದುರ್ಲಭವಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಯಾರಿಗೆ ಕೊಡಬೇಕು, ಎಂದಿನಿಂದ ಕೊಡಬೇಕು, ಎಂದಾದರೂ ನಿಲ್ಲಿಸಬಹುದೇ ಎಂಬ ಪ್ರಶ್ನೆಗಳಲ್ಲಿ ಮಾತ್ರ ಜಗತ್ತಿನ ತಜ್ಞರ ನಡುವೆ ಇಂದಿಗೂ ಒಮ್ಮತವಿಲ್ಲ. ಆ ವಾದಗಳನ್ನೆಲ್ಲ ಓದಿದ ಮೇಲೆ ನನಗೆ ದೃಢವಾಗಿರುವ ಮಾತು ಇಷ್ಟು: ಈಗಿನ ಮಾತ್ರೆಗಳು ಬಹುಪಾಲು ಜನರಿಗೆ ತುಂಬ ಸುರಕ್ಷಿತ, ಅಪಾಯ ಹೆಚ್ಚಾಗಿ ಹುಟ್ಟುವುದು ಪರೀಕ್ಷೆಯಿಲ್ಲದೆ ಶುರು ಮಾಡಿದಾಗ ಮತ್ತು ಯಾರಿಗೂ ಹೇಳದೆ ನಿಲ್ಲಿಸಿದಾಗ.

ವೈರಸ್ ಸಿಕ್ಕಿದ್ದು, ಲಸಿಕೆ ಬಂದದ್ದು

ಅಮೆರಿಕದ ಬರೂಚ್ ಬ್ಲೂಮ್‌ಬರ್ಗ್ ಕಾಮಾಲೆಯನ್ನು ಹುಡುಕಿ ಹೊರಟವರಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿನ ವ್ಯತ್ಯಾಸಗಳನ್ನು ನೋಡುತ್ತಿದ್ದಾಗ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರ ಪ್ರೋಟೀನೊಂದು ಕಂಡಿತು. 1965ರಲ್ಲಿ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಪ್ರಕಟವಾದ ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರ ಎಂದು ಆಮೇಲೆ ಗೊತ್ತಾಯಿತು. ಇಂದು ನಮ್ಮ ಲ್ಯಾಬುಗಳು ನೋಡುವ ಎಚ್‌ಬಿಎಸ್‌ಎಜಿ ಅದೇ. 1970ರಲ್ಲಿ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡೀ ವೈರಸ್ ಕಣವನ್ನೇ ಕಂಡರು. 1976ರಲ್ಲಿ ಬ್ಲೂಮ್‌ಬರ್ಗ್‌ಗೆ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

1981ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿತು. ಭಾರತಕ್ಕೆ ಅದು ಬಹುಕಾಲ ದುಬಾರಿಯ ಮಾತಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ‘ಶಾನ್ವ್ಯಾಕ್ ಬಿ’ ತಂದ ಮೇಲೆ ಬೆಲೆ ಇಳಿಯಿತು. ಆದರೂ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದು ದೇಶಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಅಂದರೆ ಇಂದು ಕಡಬದಲ್ಲಿ ಮೂವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಮಗುವಾಗಿದ್ದಾಗ ಈ ಲಸಿಕೆ ಸಿಕ್ಕಿರುವ ಸಂಭವ ಕಡಿಮೆ. ಮಾತ್ರೆಯ ಪ್ರಶ್ನೆ ಮುಖ್ಯವಾಗಿ ಈ ತಲೆಮಾರಿನದು.

ಸೋಂಕು ಎಷ್ಟು ಕಾಲ ಮರೆಯಲ್ಲಿರಬಹುದು ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆಯ ಬೇರು ನಮ್ಮ ರಾಜ್ಯದಲ್ಲೇ ಇದೆ. 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಬಲವಾದ ಪೆಟ್ಟಾಯಿತು. ಆಗ ಕೊಟ್ಟ ರಕ್ತದ ಮೂಲಕ ಹೆಪಟೈಟಿಸ್ ಬಿ ಬಂತೆಂದೂ, ಸುಮಾರು ಎರಡು ದಶಕ ಅದು ತಿಳಿಯಲೇ ಇಲ್ಲವೆಂದೂ, ತಿಳಿಯುವಷ್ಟರಲ್ಲಿ ಲಿವರಿನ ಮುಕ್ಕಾಲು ಭಾಗ ಹಾಳಾಗಿತ್ತೆಂದೂ ಅವರೇ ಹೇಳಿಕೊಂಡಿದ್ದಾರೆ. 2017ರಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದ ಹೆಪಟೈಟಿಸ್ ರಾಯಭಾರಿಯಾದರು. ದೇಶದ ಅತ್ಯುತ್ತಮ ಆಸ್ಪತ್ರೆಗಳು ಕೈಗೆಟುಕುವವರ ಕಥೆಯೇ ಹೀಗಿದ್ದರೆ, ವರ್ಷಕ್ಕೊಮ್ಮೆಯೂ ರಕ್ತಪರೀಕ್ಷೆ ಮಾಡಿಸದ ರೈತನ ಕಥೆ ಊಹಿಸುವುದು ಕಷ್ಟವಲ್ಲ.

ಮಾತ್ರೆಗಳ ಮೂರು ದಶಕ

ಮೊದಲ ಔಷಧಿ ಮಾತ್ರೆಯಲ್ಲ, ಇಂಟರ್‌ಫೆರಾನ್ ಚುಚ್ಚುಮದ್ದು. ಅಮೆರಿಕದಲ್ಲಿ 1992ರಲ್ಲಿ ಅನುಮತಿ ಪಡೆದ ಅದರಿಂದ ಜ್ವರ, ಸುಸ್ತು, ಮಂಕು ಕವಿದಂಥ ಮನಸ್ಸು. ಗುಣ ಕಂಡವರು ಕೆಲವರೇ. 1998ರಲ್ಲಿ ಲ್ಯಾಮಿವುಡಿನ್ ಬಂದಾಗ ದಿನಕ್ಕೊಂದು ಮಾತ್ರೆಯಲ್ಲಿ ವೈರಸ್ ತಗ್ಗಿದ್ದು ಕಂಡು ವೈದ್ಯಲೋಕ ಹಿಗ್ಗಿತು. ಆ ಹಿಗ್ಗು ಬಾಳಲಿಲ್ಲ. ಒಂದು ವರ್ಷದಲ್ಲಿ ಸುಮಾರು ಐವರಲ್ಲಿ ಒಬ್ಬರಲ್ಲಿ, ಐದು ವರ್ಷದಲ್ಲಿ ಸುಮಾರು 70 ಶೇಕಡಾ ಜನರಲ್ಲಿ ವೈರಸ್ ರೂಪ ಬದಲಿಸಿ ಮಾತ್ರೆಗೆ ಬಗ್ಗದಾಯಿತು. ಅಷ್ಟರ ನಡುವೆಯೂ ಅದು ಒಂದು ದೊಡ್ಡ ವಿಷಯ ಸಾಬೀತು ಮಾಡಿತು: 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಿವರ್ ಆಗಲೇ ಗಟ್ಟಿಯಾಗಿದ್ದ ರೋಗಿಗಳ ಪೈಕಿ ಬರಿಯ ಹುಸಿಮಾತ್ರೆ ನುಂಗಿದವರಲ್ಲಿ 17.7 ಶೇಕಡಾ ಮಂದಿಗೆ ಕಾಯಿಲೆ ಮುಂದುವರಿದರೆ, ಲ್ಯಾಮಿವುಡಿನ್ ಪಡೆದವರಲ್ಲಿ 7.8 ಶೇಕಡಾ ಮಂದಿಗೆ ಮಾತ್ರ. ವೈರಸ್ಸನ್ನು ತಗ್ಗಿಸಿದರೆ ಲಿವರ್ ಉಳಿಯುತ್ತದೆ ಎಂಬುದಕ್ಕೆ ಅದು ಗಟ್ಟಿ ಪುರಾವೆ.

ಅಡೆಫೊವಿರ್ 2002ರಲ್ಲಿ, ಎಂಟೆಕಾವಿರ್ 2005ರಲ್ಲಿ ಬಂದವು. ಎಚ್‌ಐವಿಗೆ ಮೊದಲೇ ಬಳಕೆಯಲ್ಲಿದ್ದ ಟೆನೊಫೊವಿರ್‌ಗೆ 2008ರಲ್ಲಿ ಹೆಪಟೈಟಿಸ್ ಬಿ ಚಿಕಿತ್ಸೆಗೂ ಅನುಮತಿ ಸಿಕ್ಕಿತು. ಮರುವರ್ಷ ಭಾರತದ ಪೇಟೆಂಟ್ ಕಚೇರಿ ಆ ಔಷಧಿಯ ಪೇಟೆಂಟ್ ಅರ್ಜಿಯನ್ನು ತಿರಸ್ಕರಿಸಿತು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಪುಕ್ಕಟೆ ಹಂಚಲು ಸಾಧ್ಯವಾಗಿರುವುದರ ಹಿಂದೆ ಆ ನಿರ್ಧಾರದ ಪಾಲೂ ಇದೆ. 2013ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದ ವರದಿ ಇನ್ನೊಂದು ನಂಬಿಕೆಯನ್ನು ಬದಲಿಸಿತು. ಗಾಯದ ಕಲೆಗಟ್ಟಿ ಸಿರೋಸಿಸ್ ಆದ ಲಿವರ್ ಮತ್ತೆ ಮೆತ್ತಗಾಗದು ಎನ್ನುತ್ತಿದ್ದ ಕಾಲದಲ್ಲಿ, ಐದು ವರ್ಷ ಟೆನೊಫೊವಿರ್ ತೆಗೆದುಕೊಂಡ 96 ಸಿರೋಸಿಸ್ ರೋಗಿಗಳಲ್ಲಿ 74 ಶೇಕಡಾ ಮಂದಿಯ ಲಿವರ್ ತುಣುಕಿನಲ್ಲಿ ಸಿರೋಸಿಸ್ ಇಲ್ಲವಾಗಿತ್ತು.

ಇಷ್ಟಾದರೂ ಮಾತ್ರೆ ವೈರಸ್ಸನ್ನು ಬೇರುಸಹಿತ ಕೀಳುವುದಿಲ್ಲ. ವೈರಸ್ ತನ್ನ ನಕಲು ತೆಗೆಯುವ ಕಿಣ್ವವನ್ನು ಅದು ತಡೆಯುತ್ತದೆ, ಅಷ್ಟೆ. ಲಿವರ್ ಜೀವಕೋಶದ ನಡುಗೂಡಿನಲ್ಲಿ ಉಂಗುರದಂತೆ ಸುತ್ತಿಕೊಂಡು ಕೂತಿರುವ ವೈರಸ್ಸಿನ ಮೂಲ ಡಿಎನ್‌ಎ ಹಾಗೇ ಉಳಿಯುತ್ತದೆ. ಮಾತ್ರೆ ನಿಂತರೆ ಅಲ್ಲಿಂದ ಮತ್ತೆ ನಕಲು ಶುರು. ವರ್ಷಗಟ್ಟಲೆ ನುಂಗಿದರೂ ಎಚ್‌ಬಿಎಸ್‌ಎಜಿ ನೆಗೆಟಿವ್ ಆಗುವವರು ವರ್ಷಕ್ಕೆ ನೂರರಲ್ಲಿ ಒಬ್ಬರು ಸಿಕ್ಕರೆ ಹೆಚ್ಚು.

ನೆಲನೆಲ್ಲಿಯ ಪ್ರಶ್ನೆ

ನಾಟಿ ಔಷಧಿಯನ್ನು ವಿಜ್ಞಾನ ಕಣ್ಣೆತ್ತಿಯೂ ನೋಡಿಲ್ಲ ಎಂಬ ದೂರು ಈ ವಿಷಯದಲ್ಲಿ ನಿಲ್ಲುವುದಿಲ್ಲ. 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಮೂವತ್ತು ದಿನ ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಎಚ್‌ಬಿಎಸ್‌ಎಜಿ ಮಾಯವಾಗಿತ್ತು. ಹುಸಿಮದ್ದು ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಆ ಲೇಖನದ ಸಹಲೇಖಕರಲ್ಲಿ ಬ್ಲೂಮ್‌ಬರ್ಗ್ ಕೂಡ ಒಬ್ಬರು. ಇದು ನಿಜವಾಗಿದ್ದರೆ ಇಂದಿನ ಯಾವ ಮಾತ್ರೆಯೂ ಅದರ ಹತ್ತಿರ ಬರುತ್ತಿರಲಿಲ್ಲ. ಆದರೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮತ್ತೆ ಪರೀಕ್ಷಿಸಿದವರಿಗೆ ಆ ಫಲ ಸಿಗಲಿಲ್ಲ. 2011ರ ಕಾಕ್ರೇನ್ ಪರಾಮರ್ಶೆ ಎಲ್ಲ ಪ್ರಯೋಗಗಳನ್ನೂ ತೂಗಿ, ಹುಸಿಮದ್ದಿಗಿಂತ ಮೇಲೆಂದು ಒಪ್ಪಲು ಆಧಾರ ಸಾಲದು ಎಂದಿತು.

ಹಾಗಿದ್ದರೂ ನಂಬಿಕೆ ಏಕೆ ಉಳಿದಿದೆ ಎಂಬುದು ಅರ್ಥವಾಗುವಂಥದ್ದೇ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ದೊಡ್ಡವರಿಗೆ ಹೊಸದಾಗಿ ತಗಲಿದ ಹೆಪಟೈಟಿಸ್ ಬಿ ಕೂಡ ನೂರಕ್ಕೆ ತೊಂಬತ್ತೈದರಷ್ಟು ಜನರಲ್ಲಿ ತಾನೇ ಹೋಗುತ್ತದೆ. ಆ ವಾರಗಳಲ್ಲಿ ಕೊಟ್ಟ ಸೊಪ್ಪಿನ ರಸಕ್ಕೆ ಕೀರ್ತಿ ಸಲ್ಲುತ್ತದೆ. ತೊಂದರೆಯಾಗುವುದು, ಆರು ತಿಂಗಳು ದಾಟಿ ಉಳಿದುಕೊಂಡ ಸೋಂಕಿನವರು ಅದೇ ಭರವಸೆಯಲ್ಲಿ ನಡೆಯುತ್ತಿರುವ ಮಾತ್ರೆ ಬಿಟ್ಟಾಗ.

ಯಾರಿಗೆ ಶುರು ಮಾಡಬೇಕು?

ಸಿರೋಸಿಸ್ ಆಗಿದ್ದು ರಕ್ತದಲ್ಲಿ ವೈರಸ್ ಕಂಡರೆ ಮಾತ್ರೆ ಬೇಕು ಎಂಬುದರಲ್ಲಿ ವಾದವಿಲ್ಲ. ಉಳಿದವರ ವಿಷಯದಲ್ಲಿ ಎರಡು ದಶಕಗಳಿಂದ ಚರ್ಚೆ ನಡೆದಿದೆ.

ಹಳೆಯ ಪಂಥ ಕಾಯಿಲೆಯನ್ನು ಹಂತಗಳಾಗಿ ನೋಡುತ್ತದೆ. ತಾಯಿಯಿಂದ ಸೋಂಕು ಪಡೆದ ಮಗುವಿನಲ್ಲಿ ದಶಕಗಟ್ಟಲೆ ವೈರಸ್ ವಿಪರೀತ ಇರುತ್ತದೆ, ಲಿವರಿಗೆ ಬಿದ್ದ ಪೆಟ್ಟನ್ನು ತೋರಿಸುವ ರಕ್ತಪರೀಕ್ಷೆ ಎಸ್‌ಜಿಪಿಟಿ ಸರಿಯಾಗಿಯೇ ಇರುತ್ತದೆ. ದೇಹ ಕಾದಾಟಕ್ಕಿಳಿದಾಗಲೇ ಲಿವರಿಗೆ ಪೆಟ್ಟು. ಆಗ ಮಾತ್ರೆ ಕೊಟ್ಟರೆ ಸಾಕು, ಮಿಕ್ಕ ಹಂತಗಳಲ್ಲಿ ಆರು ತಿಂಗಳಿಗೊಮ್ಮೆ ನೋಡುತ್ತಿದ್ದರಾಯಿತು ಎಂಬುದು ಇವರ ವಾದ. ಪಾಸಿಟಿವ್ ಬಂದ ಅನೇಕರು ಮಾತ್ರೆಯಿಲ್ಲದೆಯೂ ವಯಸ್ಸಾಗುವವರೆಗೆ ಆರೋಗ್ಯವಾಗಿರುವುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆದರೆ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈ ಯಾವ ಹಂತಕ್ಕೂ ಸರಿಯಾಗಿ ಹೊಂದದೆ ನಡುವೆ ಉಳಿಯುತ್ತಾರೆ. ಎಸ್‌ಜಿಪಿಟಿ ಸರಿಯಿದ್ದವರಿಗೂ ಲಿವರ್ ಕ್ಯಾನ್ಸರ್ ಬಂದದ್ದಿದೆ.

ಬೇಗ ಶುರು ಮಾಡಿ ಎನ್ನುವ ಎರಡನೆಯ ಪಂಥಕ್ಕೆ ಬಲ ಬಂದದ್ದು ತೈವಾನಿನಿಂದ. ಅಲ್ಲಿ 3,653 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇದ್ದವರಲ್ಲಿ 1.3 ಶೇಕಡಾ ಮಂದಿಗೆ ಲಿವರ್ ಕ್ಯಾನ್ಸರ್ ಬಂದರೆ, ಪ್ರತಿ ಮಿಲಿಲೀಟರಿಗೆ ಹತ್ತು ಲಕ್ಷ ಪ್ರತಿ ಮೀರಿದವರಲ್ಲಿ 14.9 ಶೇಕಡಾ. ಹಾಗಾದರೆ ಎಸ್‌ಜಿಪಿಟಿ ಏರುವವರೆಗೆ ಕಾಯುವುದೇಕೆ? ಚೀನಾ 2022ರಲ್ಲಿ ಚಿಕಿತ್ಸೆಯ ಬಾಗಿಲನ್ನು ಅಗಲ ಮಾಡಿತು. 2024ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ದಿಕ್ಕಿಗೆ ತಿರುಗಿತು. ವೈರಸ್ ಪ್ರತಿ ಮಿಲಿಲೀಟರಿಗೆ 2,000 ಘಟಕ ಮೀರಿ ಎಸ್‌ಜಿಪಿಟಿ ಹೆಚ್ಚಿದ್ದರೆ, ಲಿವರಿನಲ್ಲಿ ಗಾಯದ ಕಲೆ ಗಣನೀಯವಾಗಿದ್ದರೆ, ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಸಿ ಅಥವಾ ಡಿ, ಸಕ್ಕರೆ ಕಾಯಿಲೆ, ಕೊಬ್ಬುಗಟ್ಟಿದ ಲಿವರ್ ಇದ್ದರೆ, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದರೆ ಶುರು ಮಾಡಬಹುದು ಎಂದಿತು. ಎಸ್‌ಜಿಪಿಟಿಯ ಗಡಿಯನ್ನು ಗಂಡಸರಿಗೆ 30, ಹೆಂಗಸರಿಗೆ 19 ಎಂದು ಇಟ್ಟಿತು. ನಮ್ಮ ಬಹಳಷ್ಟು ಲ್ಯಾಬ್ ಚೀಟಿಗಳಲ್ಲಿ ಇಂದಿಗೂ 40ರ ಆಸುಪಾಸಿನ ಗಡಿ ಅಚ್ಚಾಗಿರುವುದರಿಂದ, ‘ನಾರ್ಮಲ್’ ಎಂದು ಮನೆಗೆ ಹೋದವರಲ್ಲಿ ಕೆಲವರಿಗೆ ನಿಜಕ್ಕೂ ಮಾತ್ರೆ ಬೇಕಿರಬಹುದು.

ಇನ್ನೂ ಮುಂದೆ ಹೋಗಿ, ಎಚ್‌ಬಿಎಸ್‌ಎಜಿ ಇದ್ದವರಿಗೆಲ್ಲ ಕೊಟ್ಟುಬಿಡಿ ಎನ್ನುವವರೂ ಇದ್ದಾರೆ. ಎಚ್‌ಐವಿಯಲ್ಲಿ ಹಾಗೆ ಮಾಡಿದ್ದೇ ಗೆದ್ದಿತು, ಪರೀಕ್ಷೆಗಳ ಸಾಲಿನಲ್ಲಿ ಜನ ಕಳೆದುಹೋಗುವುದು ತಪ್ಪುತ್ತದೆ ಎಂಬುದು ಅವರ ತರ್ಕ. ಜಗತ್ತಿನಲ್ಲಿ ಈ ಸೋಂಕಿರುವ 25.4 ಕೋಟಿ ಜನರಲ್ಲಿ 2022ರ ಕೊನೆಗೆ ಚಿಕಿತ್ಸೆ ಸಿಕ್ಕಿದ್ದು ಕೇವಲ 3 ಶೇಕಡಾ ಮಂದಿಗೆ ಎಂಬುದನ್ನು ನೋಡಿದರೆ ಆ ಆತುರ ಅರ್ಥವಾಗುತ್ತದೆ. ನನ್ನ ಮನಸ್ಸು ಮಾತ್ರ ವಿಶ್ವ ಆರೋಗ್ಯ ಸಂಸ್ಥೆಯ ನಡುದಾರಿಯ ಕಡೆಗಿದೆ. ಜೀವನಪರ್ಯಂತ ನುಂಗಬೇಕಾದ ಮಾತ್ರೆಯನ್ನು ಸದ್ಯ ಬೇಕಿಲ್ಲದ ಇಪ್ಪತ್ತೈದರ ಹುಡುಗನಿಗೆ ಕೊಟ್ಟರೆ, ಎರಡು ವರ್ಷ ನುಂಗಿ ಬಿಟ್ಟುಬಿಡುವ ಸಂಭವ ಹೆಚ್ಚು. ಬಿಟ್ಟಾಗಿನ ಅಪಾಯ ಶುರುವೇ ಮಾಡದಿದ್ದುದಕ್ಕಿಂತ ದೊಡ್ಡದಾಗಬಹುದು.

ನಡುದಾರಿಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಲಿವರಿನ ಗಟ್ಟಿತನ ಅಳೆಯುವ ಫೈಬ್ರೊಸ್ಕ್ಯಾನ್ ಇಲ್ಲದ ಕಡೆ ‘ಎಪ್ರಿ’ ಎಂಬ ಲೆಕ್ಕ ಸಾಕು: ಲಿವರ್ ಪರೀಕ್ಷೆಯ ಇನ್ನೊಂದು ಅಂಕಿಯಾದ ಎಸ್‌ಜಿಒಟಿಯನ್ನು ಅದರ ಮೇಲ್ಗಡಿಯಿಂದ ಭಾಗಿಸಿ, ಬಂದದ್ದನ್ನು ಸಾವಿರದ ಲೆಕ್ಕದ ಪ್ಲೇಟ್‌ಲೆಟ್‌ನಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಎಸ್‌ಜಿಒಟಿ 60, ಮೇಲ್ಗಡಿ 40, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇದ್ದರೆ ಉತ್ತರ 1. ವಿಶ್ವ ಆರೋಗ್ಯ ಸಂಸ್ಥೆ 0.5 ಮೀರಿದರೆ ಚಿಕಿತ್ಸೆ ಯೋಚಿಸಿ ಎನ್ನುತ್ತದೆ. 1 ಮೀರಿದರೆ ಸಿರೋಸಿಸ್ ಶಂಕೆ. ಎರಡು ಸಾಮಾನ್ಯ ರಕ್ತಪರೀಕ್ಷೆ ಆಗುವ ಯಾವ ಊರಿನಲ್ಲೂ ಇದನ್ನು ಮಾಡಬಹುದು.

ಮಾತ್ರೆಯೊಳಗಿನ ಅಪಾಯ, ಹೊರಗಿನ ಅಪಾಯ

ಮೊದಲ ಮಾತ್ರೆಗೆ ಮುಂಚೆ ಆಗಲೇಬೇಕಾದ ಒಂದು ಪರೀಕ್ಷೆ ಎಚ್‌ಐವಿ. ಇದನ್ನು ಕೇಳಿದರೆ ಜನ ಅವಮಾನವೆಂದುಕೊಳ್ಳುತ್ತಾರೆ. ಕಾರಣ ಬೇರೆಯೇ ಇದೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಎಚ್‌ಐವಿ ಮೇಲೂ ಕೆಲಸ ಮಾಡುತ್ತವೆ, ಎಂಟೆಕಾವಿರ್ ಕೂಡ ಸ್ವಲ್ಪ. ಎಚ್‌ಐವಿ ಇರುವುದು ಗೊತ್ತಿಲ್ಲದೆ ಇವುಗಳಲ್ಲಿ ಒಂದನ್ನೇ ಕೊಟ್ಟರೆ ಎಚ್‌ಐವಿ ಆ ಔಷಧಿಗೆ ಬಗ್ಗದಂತಾಗಿ ಮುಂದಿನ ಚಿಕಿತ್ಸೆ ಕೆಡುತ್ತದೆ. ಎರಡೂ ಸೋಂಕಿದ್ದವರಿಗೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯೇ ಎರಡನ್ನೂ ಹಿಡಿಯುತ್ತದೆ.

ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಾಗಿ ಸಿಗುವುದು ಟೆನೊಫೊವಿರ್ ಡೈಸೊಪ್ರಾಕ್ಸಿಲ್, ದಿನಕ್ಕೆ 300 ಮಿಲಿಗ್ರಾಂ. ಅದು ಕಿಡ್ನಿಯ ಮೂಲಕ ಹೊರಹೋಗುವಾಗ ಕೆಲವರಲ್ಲಿ ಅಲ್ಲಿನ ಸೂಕ್ಷ್ಮ ನಾಳಗಳಿಗೆ ಪೆಟ್ಟು ಕೊಡುತ್ತದೆ, ರಂಜಕ ಸೋರಿ ಮೂಳೆ ಮೆತ್ತಗಾಗುತ್ತದೆ. ಆದ್ದರಿಂದ ಶುರುವಿಗೆ ಮುಂಚೆ ಕ್ರಿಯಾಟಿನಿನ್, ಆಮೇಲೆ ಆಗಾಗ. ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 50 ಮಿಲಿಲೀಟರಿಗಿಂತ ಇಳಿದರೆ ಮಾತ್ರೆಗಳ ನಡುವಿನ ಅಂತರ ಹೆಚ್ಚಿಸಬೇಕು ಅಥವಾ ಬೇರೆ ಮಾತ್ರೆಗೆ ಹೋಗಬೇಕು. ನಮ್ಮ ಕಡೆ ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಜೊತೆಯ ಔಷಧಿಗಳಲ್ಲಿ. ಮಂಡಿನೋವಿಗೆ, ಸೊಂಟನೋವಿಗೆ ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುವ ಡೈಕ್ಲೊಫೆನಾಕ್ ಕೂಡ ಕಿಡ್ನಿಯನ್ನೇ ಹೊಡೆಯುತ್ತದೆ. ಬಿಪಿ, ಸಕ್ಕರೆ ಇದ್ದವರಿಗೆ ಈ ಜೋಡಿ ಇನ್ನೂ ಕೆಟ್ಟದ್ದು. ಪಾವಗಡದ ಕಡೆಯಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮೂಳೆನೋವು ಮೊದಲೇ ಸಾಮಾನ್ಯ. ಮಾತ್ರೆ ನುಂಗುವವರ ನೋವನ್ನು ‘ನೀರಿನದು’ ಎಂದು ತಳ್ಳಿಹಾಕದೆ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಕಿಡ್ನಿ, ಮೂಳೆ ದುರ್ಬಲವಿದ್ದವರಿಗೆ ಎರಡು ಬೇರೆ ದಾರಿಗಳಿವೆ. 2016ರಲ್ಲಿ ಬಂದ ಟೆನೊಫೊವಿರ್ ಅಲಾಫೆನಮೈಡ್ 25 ಮಿಲಿಗ್ರಾಂನಲ್ಲೇ ಕೆಲಸ ಮುಗಿಸುತ್ತದೆ. ಊಟದ ಜೊತೆ ತೆಗೆದುಕೊಳ್ಳಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಅದರ ಬಲ ಕುಂದಿಸುತ್ತವೆ. ಎಂಟೆಕಾವಿರ್ ಖಾಲಿ ಹೊಟ್ಟೆಗೇ ಬೇಕು, ಊಟಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಇಪ್ಪತ್ತು ವರ್ಷದ ಹಿಂದೆ ಲ್ಯಾಮಿವುಡಿನ್ ನುಂಗಿದ್ದವರಿಗೆ ಎಂಟೆಕಾವಿರ್ ಸರಿಯಾದ ಆಯ್ಕೆಯಲ್ಲ; ಅವರಲ್ಲಿ ವೈರಸ್ ಲ್ಯಾಮಿವುಡಿನ್‌ಗೆ ಬಗ್ಗದಾಗಿದ್ದವರ ಪೈಕಿ ಐದು ವರ್ಷದೊಳಗೆ ಅರ್ಧದಷ್ಟು ಮಂದಿಗೆ ಅದು ಹಿಡಿಯದಾಗುತ್ತದೆ. ಹಳೆಯ ಚೀಟಿಗಳನ್ನು ಎಸೆಯಬಾರದು ಎನ್ನುವುದು ಇದಕ್ಕೇ.

ಬಸುರಿಯ ವಿಷಯದಲ್ಲಿ ಗೊಂದಲ ಕಡಿಮೆ. ವೈರಸ್ ಪ್ರತಿ ಮಿಲಿಲೀಟರಿಗೆ ಎರಡು ಲಕ್ಷ ಘಟಕ ಮೀರಿದ್ದರೆ ಏಳನೇ ತಿಂಗಳ ಹೊತ್ತಿಗೆ ಟೆನೊಫೊವಿರ್, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ಸಾಧ್ಯವಿದ್ದರೆ ಇಮ್ಯುನೊಗ್ಲಾಬುಲಿನ್. ಎದೆಹಾಲು ಕೊಡಬಹುದು. ಹುಟ್ಟುವಾಗ ಸೋಂಕು ತಗಲಿದ ಹತ್ತು ಮಕ್ಕಳಲ್ಲಿ ಒಂಬತ್ತರಲ್ಲಿ ಅದು ಉಳಿದುಬಿಡುತ್ತದೆಂಬ ಕಾರಣಕ್ಕೆ ಆ 24 ಗಂಟೆಗೆ ಅಷ್ಟು ಬೆಲೆ.

ನಿಲ್ಲಿಸಬಹುದೇ?

ತೈವಾನಿನ ಆರೋಗ್ಯ ವಿಮೆ ಸಿರೋಸಿಸ್ ಇಲ್ಲದ ಅನೇಕ ರೋಗಿಗಳಿಗೆ ಮೂರು ವರ್ಷ ಮಾತ್ರ ಮಾತ್ರೆಯ ಹಣ ಕೊಡುತ್ತಿತ್ತು. ಹಣದ ಲೆಕ್ಕದಿಂದ ಹುಟ್ಟಿದ ಆ ಮಿತಿಯೇ ವಿಜ್ಞಾನಕ್ಕೆ ಹೊಸ ಪ್ರಶ್ನೆ ಕೊಟ್ಟಿತು. ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ವೈರಸ್ ಮರಳಿತು, ಕೆಲವರಿಗೆ ಲಿವರ್ ಭಗ್ಗನೆ ಊದಿಕೊಂಡಿತು. ಅದೇ ಹೊತ್ತಿಗೆ ಬೆರಳೆಣಿಕೆಯ ಜನರಲ್ಲಿ ಎಚ್‌ಬಿಎಸ್‌ಎಜಿಯೇ ಹೋಯಿತು. ಜರ್ಮನಿಯಲ್ಲಿ 2017ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಮಾತ್ರೆ ನಿಲ್ಲಿಸಿದ 21 ಮಂದಿಯಲ್ಲಿ ನಾಲ್ವರಿಗೆ ಹಾಗಾಯಿತು. 2023ರಲ್ಲಿ ಬಂದ ಇನ್ನೊಂದು ಜರ್ಮನ್ ಪ್ರಯೋಗದಲ್ಲಿ ನಿಲ್ಲಿಸಿದವರ ಪೈಕಿ 10 ಶೇಕಡಾ, ಮುಂದುವರಿಸಿದವರ ಪೈಕಿ ಒಬ್ಬರಿಗೂ ಇಲ್ಲ. ನಿಲ್ಲಿಸಿದಾಗ ಏಳುವ ಕಿಡಿಯೇ ದೇಹದ ರಕ್ಷಣೆಯನ್ನು ಎಚ್ಚರಿಸುತ್ತದೆ ಎಂಬುದು ನಿಲ್ಲಿಸಬಹುದು ಎನ್ನುವ ಪಂಥದ ವಿವರಣೆ. ಮುಂದುವರಿಸಿ ಎನ್ನುವವರು ಅದೇ ಕಿಡಿಯಿಂದ ಸತ್ತವರನ್ನೂ ನೆನಪಿಸುತ್ತಾರೆ. ಸಿರೋಸಿಸ್ ಇದ್ದವರು ನಿಲ್ಲಿಸಬಾರದು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಈ ಲಾಭ ಬಿಳಿಯರಲ್ಲಿ ಹೆಚ್ಚು, ಏಷ್ಯಾದವರಲ್ಲಿ ಬಹಳ ಕಡಿಮೆ ಎಂದು ಕಂಡಿದೆ. ಯೋಜನೆ ಹಾಕಿ ನಿಲ್ಲಿಸುವವರಿಗೆ ಮೊದಲ ತಿಂಗಳುಗಳಲ್ಲಿ ಪದೇ ಪದೇ ಎಸ್‌ಜಿಪಿಟಿ ನೋಡಬೇಕು. ಪ್ರತಿ ತಪಾಸಣೆಗೂ ಒಂದು ದಿನದ ಕೂಲಿ ಬಿಟ್ಟು ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತಬೇಕಾದವರಿಗೆ ಇದನ್ನು ಸಲಹೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ದಿನ ಮರೆತರೆ ಗಾಬರಿ ಬೇಡ. ನೆನಪಾದಾಗ ನುಂಗಿ, ಮರುದಿನ ಎರಡು ನುಂಗದಿದ್ದರಾಯಿತು. ಊರಿಗೆ ಹೋದೆ, ಮಾತ್ರೆ ಮುಗಿಯಿತು, ಚೆನ್ನಾಗಿದ್ದೇನೆ ಎಂದು ತಿಂಗಳುಗಟ್ಟಲೆ ಬಿಡುವುದೇ ಭಯದ್ದು. ಮಾತ್ರೆ ನುಂಗುತ್ತಿದ್ದರೂ ಕ್ಯಾನ್ಸರಿನ ಸಂಭವ ಪೂರ್ತಿ ಹೋಗುವುದಿಲ್ಲವಾದ್ದರಿಂದ ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಬಾರದು.

ಇನ್ನೂ ಇತ್ಯರ್ಥವಾಗದವು

ಎಷ್ಟು ಜನರಿಗೆ ಇದೆ ಎಂಬುದೇ ಮೊದಲ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನ ರಕ್ತಮಾದರಿಗಳಲ್ಲಿ ಕಂಡದ್ದು 0.95 ಶೇಕಡಾ. ಅದನ್ನು ಇಡೀ ಜನಸಂಖ್ಯೆಗೆ ಹಿಗ್ಗಿಸಿದರೂ ಒಂದೂವರೆ ಕೋಟಿ ಮುಟ್ಟುವುದಿಲ್ಲ. ಒಂದು ಲೆಕ್ಕ ಇನ್ನೊಂದರ ದುಪ್ಪಟ್ಟು ಇರುವಾಗ ಮಾತ್ರೆಯ ದಾಸ್ತಾನು ಯಾವುದನ್ನು ನಂಬಿ ಮಾಡಬೇಕು?

ಕ್ಯಾನ್ಸರ್ ತಡೆಯುವುದರಲ್ಲಿ ಎಂಟೆಕಾವಿರ್‌ಗಿಂತ ಟೆನೊಫೊವಿರ್ ಮೇಲೆಂದು 2019ರಲ್ಲಿ ಕೊರಿಯಾದಿಂದ ದೊಡ್ಡ ಅಧ್ಯಯನವೊಂದು ಬಂತು. ಅದೇ ದೇಶದ ಬೇರೆ ತಂಡಕ್ಕೆ ವ್ಯತ್ಯಾಸ ಕಾಣಲಿಲ್ಲ. ಎಸ್‌ಜಿಪಿಟಿ ಅಷ್ಟಾಗಿ ಏರದ, ವೈರಸ್ ಮಾತ್ರ ಹೆಚ್ಚಿರುವವರಿಗೆ ಬೇಗ ಮಾತ್ರೆ ಕೊಟ್ಟರೆ ಲಿವರಿನ ಗಂಭೀರ ತೊಂದರೆಗಳು ತಗ್ಗುತ್ತವೆ ಎಂದು ಕೊರಿಯಾ ಮತ್ತು ತೈವಾನಿನ ಪ್ರಯೋಗದ ಮಧ್ಯಂತರ ಫಲಿತಾಂಶ 2025ರಲ್ಲಿ ತೋರಿಸಿದೆ. ಆದರೆ ಅಲ್ಲಿನ ವೈರಸ್ ಹೆಚ್ಚಾಗಿ ಬಿ ಮತ್ತು ಸಿ ತಳಿಯದು, ನಮ್ಮಲ್ಲಿ ಹೆಚ್ಚಿರುವುದು ಡಿ ಮತ್ತು ಎ. ಅಲ್ಲಿನ ಅಳತೆ ಇಲ್ಲಿಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಇಲ್ಲಿನ ರೋಗಿಗಳನ್ನೇ ದೀರ್ಘಕಾಲ ನೋಡಬೇಕಾಗುತ್ತದೆ. ಮಾತ್ರೆಯ ಮುಂದಿನ ಹೆಜ್ಜೆಯಾಗಿ ಬೆಪಿರೊವಿರ್ಸೆನ್ ಚುಚ್ಚುಮದ್ದಿನ ಪ್ರಯೋಗ ನಡೆದಿದೆ. 2022ರ ವರದಿಯಲ್ಲಿ ಪೂರ್ತಿ ಡೋಸ್ ಪಡೆದ ಹತ್ತರಲ್ಲಿ ಸುಮಾರು ಒಬ್ಬರಿಗೆ ಎಚ್‌ಬಿಎಸ್‌ಎಜಿ ಹೋಗಿ, ಚಿಕಿತ್ಸೆ ಮುಗಿದ ಆರು ತಿಂಗಳ ಮೇಲೂ ಮರಳಿರಲಿಲ್ಲ.

ಕೊನೆಯದು ವೈದ್ಯಪತ್ರಿಕೆಗಳಲ್ಲಿ ಕಡಿಮೆ ಜಾಗ ಸಿಗುವ ಪ್ರಶ್ನೆ. ಚಿಕಿತ್ಸೆಯನ್ನು ಜಿಲ್ಲಾಸ್ಪತ್ರೆಯಿಂದ ಕೆಳಗಿಳಿಸಿ, ತಜ್ಞರಲ್ಲದ ವೈದ್ಯರೂ ದಾದಿಯರೂ ನಡೆಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ. ಎಪ್ರಿ ಲೆಕ್ಕ, ಕ್ರಿಯಾಟಿನಿನ್, ಎಚ್‌ಐವಿ ಪರೀಕ್ಷೆ ಇಷ್ಟನ್ನು ಹೋಬಳಿ ಮಟ್ಟದಲ್ಲಿ ಮಾಡಿ, ಸಿರೋಸಿಸ್ ಇದ್ದವರನ್ನು ಮಾತ್ರ ತುಮಕೂರಿಗೋ ಬೆಂಗಳೂರಿಗೋ ಕಳಿಸಿದರೆ ಸಾಕೇ? ವೈರಸ್ ಡಿಎನ್‌ಎ ಪರೀಕ್ಷೆಯ ರಕ್ತ ಊರಿನಿಂದ ಹೋಗಿ ಫಲಿತಾಂಶ ಊರಿಗೇ ಬರುವಂತೆ ಮಾಡಬಹುದೇ, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆಯೇ, ಅಥವಾ ತಪಾಸಣೆಯೇ ತಪ್ಪಿ ಕಿಡ್ನಿಯ ತೊಂದರೆ ತಡವಾಗಿ ಕಾಣುತ್ತದೆಯೇ ಎಂಬುದನ್ನು ಕಡಬದಂಥ ಹೋಬಳಿಗಳಲ್ಲೇ ಮಾಡಿ ನೋಡಬೇಕಾಗಿದೆ.